ಬನ್ನಿ

ಸಂಸ್ಕೃತದ ‘ವಹ್ನಿ’ ಎಂದರೆ ಬೆಂಕಿ. ಅದರ ತದ್ಭವ ‘ಬನ್ನಿ’. ಯಜ್ಞಕ್ಕೆ ಕಿಚ್ಚು ಕಡೆಯುವ ಅರಣಿಗೆ ಶಮೀ ಮರವನ್ನು ಬಳಸುತ್ತಿದ್ದರು. ಕನ್ನಡ ಆ ಮರವನ್ನು ಅದರೊಳಗಿನ ಬೆಂಕಿಯ ಹೆಸರಿನಿಂದಲೇ ಕರೆಯಿತು. ತಮಿಳಿನಲ್ಲೂ ಅದು ‘ವನ್ನಿ’, ತೆಲುಗರಿಗೆ ‘ಜಮ್ಮಿ’.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಈ ಪದ ಮರಕ್ಕಿಂತ ಹೆಚ್ಚಾಗಿ ಹಬ್ಬವನ್ನೇ ನೆನಪಿಸುತ್ತದೆ. ನವರಾತ್ರಿಯಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಮಿಂದು, ಆರತಿ ತಟ್ಟೆ ಹಿಡಿದು ಬನ್ನಿಗಿಡಕ್ಕೆ ಹೋಗುತ್ತಾರೆ. ಬುಡಕ್ಕೆ ನೀರೆರೆದು, ಅರಿಸಿನ ಕುಂಕುಮ ಹಚ್ಚಿ, ಉಡಿ ತುಂಬಿ ಸುತ್ತು ಹಾಕುತ್ತಾರೆ. ಆಗ ಗಿಡ ಬರೀ ಗಿಡವಲ್ಲ, ಬನ್ನಿ ಮಹಾಂಕಾಳಿ.

ವಿಜಯದಶಮಿಯ ಸಂಜೆ ದೇವರ ಪಲ್ಲಕ್ಕಿ ಊರ ಹೊರಗಿನ ಬನ್ನಿಗೆ ಹೊರಡುತ್ತದೆ. ಇದೇ ‘ಬನ್ನಿ ಮುಡಿಯುವುದು’. ಆಮೇಲೆ ಮನೆಮನೆಗೆ ಹೋಗಿ, ಮುಳ್ಳು ಬಿಡಿಸಿದ ಸಣ್ಣ ಎಲೆಗಳನ್ನು ಹಿರಿಯರ ಕೈಗಿಟ್ಟು ಕಾಲಿಗೆರಗುತ್ತಾರೆ: ‘ಬನ್ನಿ ತಗೊಂಡು ಬಂಗಾರದಂಗ ಇರೂಣು.’ ವರ್ಷವಿಡೀ ಮಾತು ಬಿಟ್ಟವರೂ ಅಂದು ಎಲೆ ಬದಲಿಸಿ ಮಾತಾಡಿಸಬಹುದು. ಈ ಆಚರಣೆಯ ನಿಜವಾದ ಬೆಲೆ ಇರುವುದು ಇಲ್ಲೇ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ವಿರಾಟನಗರದ ಹೊರಗಿನ ಶಮೀ ಮರದಲ್ಲಿ. ಶಾಸನಗಳು ‘ಪಾನುಂಗಲ್’ ಎನ್ನುವ ಹಾನಗಲ್ಲನ್ನೇ ಜನ ಆ ವಿರಾಟನಗರ ಎನ್ನುತ್ತಾರೆ. ಹೀಗಾಗಿ ಇಲ್ಲಿಯವರಿಗೆ ಬನ್ನಿಯ ಕತೆ ದೂರದ ಪುರಾಣವಲ್ಲ, ತಮ್ಮೂರಿನದೇ ಸಂಗತಿ.

ಮೈಸೂರು ದಸರಾ ಮೆರವಣಿಗೆ ಮುಗಿಯುವ ಬನ್ನಿಮಂಟಪದ ಹೆಸರಿನಲ್ಲೂ ಇರುವುದು ಇದೇ ಮರ.