ಕುಶಾಲುತೋಪಿನ ಒಳಗೊಂದು ಕಿಡಿ

ಮೈಸೂರಿನ ವಿಜಯದಶಮಿಯಂದು ಹಾರುವ ಕುಶಾಲುತೋಪುಗಳ ಗರ್ಜನೆಯನ್ನು ನೀವು ಕೇಳಿರಬಹುದು. ಫಿರಂಗಿಗಳು 7, ಸುತ್ತುಗಳು 21. ಎಂದರೆ ಪ್ರತಿಯೊಂದು ಫಿರಂಗಿಯೂ ಮೂರು ಸಲ ಹಾರಬೇಕು. ರಾಷ್ಟ್ರಗೀತೆ ನುಡಿಯುವ ಆ ಅಲ್ಪಕಾಲದಲ್ಲಿ ಎರಡು ಸಲ ಮರಳಿ ಮದ್ದು ತುಂಬಬೇಕು. ಇದಕ್ಕಾಗಿ ಪೊಲೀಸ್ ಸಿಬ್ಬಂದಿ ಹಬ್ಬಕ್ಕೆ ಬಹು ಮುಂಚೆಯೇ ಮದ್ದಿಲ್ಲದೆ ತಾಲೀಮು ನಡೆಸುತ್ತಾರೆ. ಬೆಂಕಿ ತಾಗಿಸುವುದಕ್ಕೆ ಇಷ್ಟು ಅಭ್ಯಾಸವೇಕೆ ಎನ್ನುತ್ತೀರಾ? ಕಷ್ಟವಿರುವುದು ಬೆಂಕಿ ಹಚ್ಚುವುದರಲ್ಲಿ ಅಲ್ಲ, ಆರಿಸುವುದರಲ್ಲಿ.

ಕರಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ಆ ಮಸಿಯಲ್ಲಿ ಒಂದು ಕೆಂಡ ಅಡಗಿದ್ದರೂ ಸಾಕು, ಬಾಯಿಂದ ತುರುಕಿದ ಎರಡನೆಯ ಮದ್ದಿನ ಚೀಲ ತುಂಬುವವನ ಕೈಯಲ್ಲೇ ಸಿಡಿದೀತು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಈ ಅಪಾಯಕ್ಕೆ ಎದುರಾಗಿ ಕೆಲಸವನ್ನು ಹಂಚಿಕೊಂಡಿದ್ದರು. ಒಬ್ಬನು ಒದ್ದೆ ಕುಂಚದಿಂದ ಕೊಳವೆಯನ್ನು ಒರಸುವನು. ಇನ್ನೊಬ್ಬನು ಮದ್ದನ್ನು ಬಾಯಿಗಿಡುವನು. ಮೂರನೆಯವನು ಹಿಂಬದಿಯ ಕಿವಿಯನ್ನು ತೊಗಲು ತೊಡಿಸಿದ ಹೆಬ್ಬೆರಳಿನಿಂದ ಒತ್ತಿ ಮುಚ್ಚಿರುವನು. ಆ ಬೆರಳು ಸಡಿಲಿದರೆ ಕುಂಚದ ಒತ್ತಡಕ್ಕೆ ಗಾಳಿ ನುಗ್ಗಿ, ತಿದಿಯೂದಿದಂತೆ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ. ಮುಂದೆ ನಿಂತವನ ತೋಳು ಹಿಂದೆ ನಿಂತವನ ಹೆಬ್ಬೆರಳಿನ ಅಧೀನ!

ಇಂದು ಅದೇ ದೇಶದಲ್ಲಿ ಹಳೆಯ ಮಾದರಿಯ ಫಿರಂಗಿ ಹಾರಿಸುವುದು ಹಲವರಿಗೆ ಹವ್ಯಾಸ. ಅಂತರ್ಯುದ್ಧದ ಆಯುಧಗಳಿಂದ ಗುರಿಯ ಸ್ಪರ್ಧೆ ನಡೆಸುವ ಸಂಘವೊಂದು 1950ರಲ್ಲಿಯೇ ಹುಟ್ಟಿತು. ಹೊಸಬರು ಅಲ್ಲಿ ಮೊದಲು ಕಲಿಯಬೇಕಾದ ಪಾಠ ಸದ್ದಿನದಲ್ಲ, ಸರದಿಯದು. ಮೈಸೂರಿನಲ್ಲಿಯೂ ಪ್ರತಿ ಸುತ್ತಿನ ನಂತರ ಒದ್ದೆ ಕೋಲಿನಿಂದ ಕೊಳವೆಯನ್ನು ಶುಚಿಗೊಳಿಸಿದ ಮೇಲೆಯೇ ಮುಂದಿನ ಮದ್ದು.

ಬ್ರಿಟಿಷರ ಕಾಲದಲ್ಲಿ ತೋಪಿನ ಎಣಿಕೆಯೇ ಸಂಸ್ಥಾನದ ಅಂತಸ್ತು. 21 ತೋಪುಗಳ ಗೌರವವುಳ್ಳ ಕೆಲವೇ ಸಂಸ್ಥಾನಗಳಲ್ಲಿ ಮೈಸೂರು ಒಂದಾಗಿತ್ತು. ಆ ಅಂತಸ್ತಿನ ಲೆಕ್ಕ ಇಂದು ಚರಿತ್ರೆಯ ಪುಟ ಸೇರಿದೆ; ಈಗ ತೋಪುಗಳು ಅಂಬಾರಿಯಲ್ಲಿ ಬಿಜಯಮಾಡುವ ಚಾಮುಂಡೇಶ್ವರಿಗೆ ವಂದನೆ ಸಲ್ಲಿಸುತ್ತವೆ. ಗೌರವ ಯಾರಿಗೇ ಸಲ್ಲಲಿ, ಕಿಡಿಗೆ ಆ ಭೇದ ತಿಳಿಯದು. ಮುಂದಿನ ದಸರೆಯಲ್ಲಿ ತೋಪಿನ ಸದ್ದು ಕೇಳಿದಾಗ, ಎರಡು ಸದ್ದುಗಳ ನಡುವೆ ಕೊಳವೆ ಒರಸುತ್ತಿರುವ ಕೈಗಳನ್ನೂ ಒಂದು ಕ್ಷಣ ನೆನೆಯಿರಿ.