ಕಿತ್ತಿಕೊ–ಹಚ್ಚಿಕೊ: ಸಸಿ ಆರಿಸಿದ ಊರಿನ ಕಥೆ

ದಾವಣಗೆರೆ ಕಡೆಯಿಂದ ಬಂದು ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಆಚೆ ದಂಡೆಗೆ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವ ಕಾರ್ಖಾನೆ ಅದು. ಅದಕ್ಕೆ ನೀಲಗಿರಿ ಮರ ಬೇಕು. ಈ ಮಳೆಗಾಲಕ್ಕೆ ಗುಡ್ಡಕ್ಕೆ ಸಸಿ ಹಚ್ಚಬೇಕು ಅನ್ನೋರು ಇದರ ಮುಂದಿನ ಕಥೆ ಕೇಳಬೇಕು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಈ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ಕಾಗದದ ಮೇಲೆ ಅದು ಬೀಳು ಭೂಮಿ. ಊರವರ ಲೆಕ್ಕದಲ್ಲಿ ಅದೇ ದನ ಮೇಯುವ ಜಾಗ, ಸೌದೆ ತರುವ ಜಾಗ.

ನೀಲಗಿರಿಯನ್ನೇ ಯಾಕೆ ಆರಿಸಿದರು? ಬೇಗ ಬೆಳೆಯುತ್ತದೆ, ನೆಟ್ಟಗೆ ಏಳುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ದನ ಬಾಯಿ ಹಾಕುವುದಿಲ್ಲ. ಕಾರ್ಖಾನೆಗೆ ಇವೆಲ್ಲಾ ಗುಣಗಳೇ. ಆದರೆ ದನ ಬಾಯಿ ಹಾಕದ ಗಿಡ ದನ ಸಾಕುವವನಿಗೆ ಯಾತಕ್ಕೆ ಬಂತು? ಒಬ್ಬರ ಗುಣ ಇನ್ನೊಬ್ಬರಿಗೆ ದೋಷ.

ಸಮಾಜ ಪರಿವರ್ತನ ಸಮುದಾಯದವರು ಊರೂರು ತಿರುಗಿ ಜನರನ್ನು ಕೂಡಿಸಿದರು. ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೆರೆದು 100 ನೀಲಗಿರಿ ಸಸಿ ಕಿತ್ತರು. ಕಿತ್ತು ಸುಮ್ಮನೆ ಮನೆಗೆ ಹೋಗಲಿಲ್ಲ. ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಸಸಿ ಹಚ್ಚಿದರು. ನೀರು ಹಾಕಿ ಕಾಯುತ್ತೇವೆಂದು ಪ್ರತಿಜ್ಞೆಯನ್ನೂ ಮಾಡಿದರು. ಇದೇ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಿತು.

ಈ ಕಥೆಯಿಂದ ನಾವು ಕಲಿಯಬೇಕಾದ್ದೇನು? ನರ್ಸರಿಗೆ ಹೋಗಿ, ಕೊಟ್ಟದ್ದನ್ನು ಗಾಡಿಗೆ ಏರಿಸಿಕೊಂಡು ಬರಬೇಡಿ. ಮೊದಲು ಊರಲ್ಲಿ ಕೂತು ಮಾತಾಡಿ. ಮೇವು ಬೇಕೋ, ಸೌದೆಯೋ, ಹಣ್ಣೋ, ನೇಗಿಲಿಗೆ ಮರವೋ? ತಾಯಂದಿರನ್ನೂ ಕೇಳಿ, ಸೌದೆ ಹೊರೆಯ ಭಾರ ಬಲ್ಲವರು ಅವರೇ.

ಆಮೇಲೆ ನೆಲ ನೋಡಿ. ನಮ್ಮ ಕಡೆ ಎರೆ ಭೂಮಿಗೆ ಕರಿಜಾಲಿ, ಕೆಂಪು ಗರಸಿಗೆ ಬೇವು, ಕಮರ, ಕಲ್ಲುಗುಡ್ಡದ ಇಳಿಜಾರಿಗೆ ಸೀತಾಫಲ, ಹಳ್ಳದ ದಂಡೆಗೆ ಹೊಂಗೆ, ಆಳ ಮಣ್ಣಿದ್ದಲ್ಲಿ ಹುಣಸೆ. ಒಂದೇ ಜಾತಿ ಹಚ್ಚಿದರೆ ಒಂದೇ ರೋಗಕ್ಕೆ ಎಲ್ಲಾ ಹೋದೀತು. ನಾಲ್ಕಾರು ಜಾತಿ ಬೆರೆಸಿರಿ. ಹಿತ್ತಲ ಗಿಡ ಮದ್ದಲ್ಲ ಅಂತ ಊರ ಮರವನ್ನು ಹಗುರ ಮಾಡಬೇಡಿ.

ಕೊನೆಗೆ ಸಸಿಯನ್ನೇ ನೋಡಿ. ಎತ್ತರಕ್ಕೆ ಮೋಸ ಹೋಗಬೇಡಿ. ತೆಳ್ಳಗೆ ಉದ್ದ ಬೆಳೆದ ಸಸಿ ಗಾಳಿಗೆ ಬಾಗುತ್ತದೆ, ಬಿಸಿಲಿಗೆ ಬಾಡುತ್ತದೆ. ಬುಡ ಗಟ್ಟಿ ಇರಲಿ. ಒಂದು ಚೀಲ ಬಿಚ್ಚಿ ನೋಡಿ: ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಸಸಿ ಬೇಡ. ನೆರಳಲ್ಲೇ ಬೆಳೆದದ್ದಾದರೆ ನೆಡುವ ಮೊದಲು ಕೆಲವು ದಿನ ಬಿಸಿಲಿಗೆ ಒಗ್ಗಿಸಿ. ಗುಂಡಿ ಬೇಸಿಗೆಯಲ್ಲೇ ತೋಡಿ, ಮಣ್ಣು ಚೆನ್ನಾಗಿ ನೆನೆದ ಮೇಲೆ ನೆಡಿ.

ಹಚ್ಚುವುದು ಒಂದು ದಿನದ ಕೆಲಸ. ಕಾಯುವುದು ಎರಡು ಮೂರು ಬೇಸಿಗೆಯ ಕೆಲಸ. ಕುಸನೂರಿನವರು ಮಾಡಿದ ಪ್ರತಿಜ್ಞೆಯನ್ನು ನಿಮ್ಮೂರಲ್ಲೂ ಮಾಡಿರಿ. ತಾವು ಆರಿಸಿ ಹಚ್ಚಿದ ಗಿಡವನ್ನು ಜನ ತಾವೇ ಕಾಯುತ್ತಾರೆ.