ಸುದ್ದಿಯ ದನಿ: ಸ್ವೀಡನ್ನಿನ ದೂರದರ್ಶನ ವಾರ್ತೆ ಮತ್ತು ಇತರ ಮಾದರಿಗಳು

ಸಂಜೆ ಏಳೂವರೆಗೆ ಸ್ವೀಡನ್ನಿನ ಸಾರ್ವಜನಿಕ ದೂರದರ್ಶನವಾದ ಎಸ್‌ವಿಟಿಯಲ್ಲಿ ‘ರಾಪೋರ್ಟ್’ ಎಂಬ ವಾರ್ತಾಪ್ರಸಾರ ಆರಂಭವಾಗುತ್ತದೆ. ಒಬ್ಬ ವಾಚಕಿ ಅಥವಾ ವಾಚಕ, ಒಂದು ಮೇಜು, ಒಂದಾದ ಮೇಲೊಂದು ವರದಿ. ದನಿ ಏರುವುದಿಲ್ಲ, ಪರದೆಯನ್ನು ಎಂಟು ಚೌಕಗಳಾಗಿ ಸೀಳಿ ಎಂಟು ಜನರನ್ನು ಏಕಕಾಲಕ್ಕೆ ಮಾತನಾಡಿಸುವುದಿಲ್ಲ. ಇಲ್ಲಿನ ಅನೇಕ ಕನ್ನಡ ಮನೆಗಳಲ್ಲಿ ಅದೇ ಹೊತ್ತಿಗೆ ಪಕ್ಕದ ಕೋಣೆಯ ಮೊಬೈಲಿನಲ್ಲಿ ಊರಿನ ಸುದ್ದಿವಾಹಿನಿಯೂ ನಡೆಯುತ್ತಿರುತ್ತದೆ. ಅಲ್ಲಿ ‘ಬ್ರೇಕಿಂಗ್ ನ್ಯೂಸ್’ ಎಂಬ ಕೆಂಪು ಪಟ್ಟಿ, ಹಿನ್ನೆಲೆ ಸಂಗೀತ, ಉದ್ವೇಗದ ನಿರೂಪಣೆ.

ಈ ವ್ಯತ್ಯಾಸವನ್ನು ಜನಸ್ವಭಾವಕ್ಕೆ ಆರೋಪಿಸುವುದು ವಾಡಿಕೆ: ಉತ್ತರ ಯುರೋಪಿನವರು ಮಿತಭಾಷಿಗಳು, ನಾವು ಭಾವುಕರು ಎಂದು. ಆದರೆ ಆಕಾಶವಾಣಿಯ ‘ಪ್ರದೇಶ ಸಮಾಚಾರ’ವನ್ನೂ ಬೆಂಗಳೂರು ದೂರದರ್ಶನದ ವಾರ್ತೆಯನ್ನೂ ಕೇಳಿ ಬೆಳೆದವರಿಗೆ ಈ ವಿವರಣೆ ಸಾಲದು. ಅದೇ ಜನ, ಅದೇ ಭಾಷೆ; ಆದರೂ ಅಂದಿನ ವಾರ್ತೆ ಇಂದಿನ ಸ್ವೀಡಿಷ್ ವಾರ್ತೆಗಿಂತಲೂ ನಿರ್ಲಿಪ್ತವಾಗಿತ್ತು. ಸುದ್ದಿಯ ದನಿಯನ್ನು ನಿರ್ಧರಿಸುವುದು ಜನಸ್ವಭಾವಕ್ಕಿಂತ ಮಿಗಿಲಾಗಿ ವ್ಯವಸ್ಥೆ: ಹಣ ಎಲ್ಲಿಂದ ಬರುತ್ತದೆ, ತಪ್ಪಿದರೆ ಉತ್ತರ ಹೇಳಬೇಕಾದವರು ಯಾರು, ಸುದ್ದಿ ಯಾರಿಗೆ ತಲುಪಬೇಕೆಂದು ಭಾವಿಸಲಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಆಯಾ ದೇಶ ಕೊಟ್ಟುಕೊಂಡ ಉತ್ತರ.

ದನಿಗೆ ಮುಖ ಬಂದ ಬಗೆ

ದೂರದರ್ಶನ ವಾರ್ತೆಯು ರೇಡಿಯೊದ ಕೂಸು. ಬಿಬಿಸಿ 1954ರಲ್ಲಿ ದೈನಂದಿನ ದೂರದರ್ಶನ ವಾರ್ತೆಯನ್ನು ಆರಂಭಿಸಿದಾಗ ವಾಚಕರ ಮುಖವನ್ನು ತೋರಿಸಲಿಲ್ಲ. ಹುಬ್ಬು ಏರಿದರೂ ತುಟಿ ಬಿಗಿದರೂ ಅದು ಅಭಿಪ್ರಾಯವಾಗಿಬಿಡಬಹುದೆಂಬ ಅಳುಕು ಅದಕ್ಕೆ ಕಾರಣ. ಮರುವರ್ಷ ಮುಖ ಕಾಣಿಸಿಕೊಂಡಿತು. ಜರ್ಮನಿಯ ‘ಟಾಗೆಸ್‌ಶೌ’ 1952ರ ಡಿಸೆಂಬರಿನಿಂದ ನಡೆದುಬಂದಿದ್ದು, ರಾತ್ರಿ ಎಂಟರ ಅದರ ಹದಿನೈದು ನಿಮಿಷಗಳ ವಾರ್ತೆಯ ಶುಷ್ಕ ಗಾಂಭೀರ್ಯ ಇಂದಿಗೂ ಪ್ರಸಿದ್ಧ. ಅಮೆರಿಕದಲ್ಲಿ ಬೇರೆಯೇ ಪರಂಪರೆ ಬೆಳೆಯಿತು: 1963ರಲ್ಲಿ ಸಿಬಿಎಸ್ ತನ್ನ ಸಂಜೆಯ ವಾರ್ತೆಯನ್ನು ಹದಿನೈದು ನಿಮಿಷಗಳಿಂದ ಅರ್ಧ ಗಂಟೆಗೆ ವಿಸ್ತರಿಸಿದಾಗ ವಾಲ್ಟರ್ ಕ್ರಾಂಕೈಟ್ ವಾಚಕರಷ್ಟೇ ಆಗಿರಲಿಲ್ಲ, ಸಂಪಾದಕರೂ ಆಗಿದ್ದರು. ‘ಆಂಕರ್’ ಎಂಬ ಪಾತ್ರ ಪ್ರತಿಷ್ಠೆ ಪಡೆದದ್ದು ಅಲ್ಲಿ.

ಸ್ವೀಡನ್ನಿನಲ್ಲಿ ರೇಡಿಯೊ ಪ್ರಸಾರ 1925ರ ಜನವರಿ 1ರಂದು, ಕ್ರಮಬದ್ಧ ದೂರದರ್ಶನ ಪ್ರಸಾರ 1956ರಲ್ಲಿ ಆರಂಭವಾದವು. ‘ಆಕ್ಟುಎಲ್ಟ್’ ಎಂಬ ವಾರ್ತಾ ಕಾರ್ಯಕ್ರಮ 1958ರ ಸೆಪ್ಟೆಂಬರಿನಲ್ಲಿ ಹುಟ್ಟಿತು. ಅದರ ಮೊದಲ ವಾಚಕ ಉಲ್ಲೆ ಬ್ಯೋರ್ಕ್‌ಲುಂಡ್ ಮೂಲತಃ ನಟ. 1969ರಲ್ಲಿ ಎರಡನೆಯ ವಾಹಿನಿ ಬಂದಾಗ ಅದರೊಡನೆ ‘ರಾಪೋರ್ಟ್’ ಬಂತು. ಎರಡೂ ಒಂದೇ ಸಂಸ್ಥೆಯ ಕಾರ್ಯಕ್ರಮಗಳಾದರೂ ಸಂಪಾದಕ ಮಂಡಳಿಗಳು ಬೇರೆ. ಏಕಸ್ವಾಮ್ಯದ ಒಳಗೇ ಸ್ಪರ್ಧೆಯನ್ನು ಉಂಟುಮಾಡುವ ಉದ್ದೇಶ ಇದರ ಹಿಂದಿತ್ತು. ಖಾಸಗಿ ದೂರದರ್ಶನ ಇಲ್ಲಿಗೆ ಬಂದದ್ದು ಹಿಂಬಾಗಿಲಿನಿಂದ. ದೇಶದೊಳಗೆ ಜಾಹೀರಾತು ಪ್ರಸಾರಕ್ಕೆ ಅವಕಾಶವಿರಲಿಲ್ಲವಾದ್ದರಿಂದ ಟಿವಿ3 ವಾಹಿನಿ 1987ರ ಕೊನೆಯ ದಿನ ಲಂಡನ್ನಿನಿಂದ ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿತು. 1990ರಲ್ಲಿ ಉಪಗ್ರಹದ ಮೂಲಕವೇ ಬಂದ ಟಿವಿ4, 1992ರಲ್ಲಿ ಭೂಪ್ರಸಾರ ಆರಂಭಿಸಿತು.

ಇಲ್ಲೊಂದು ದಂತಕಥೆಯನ್ನೂ ಹೇಳಬೇಕು. ಸ್ವೀಡನ್ನಿನಲ್ಲಿ ವಾರ್ತಾವಾಚಕರನ್ನು ‘ಕ್ರಾಂಕೈಟರ್’ ಎಂದು ಕರೆಯುತ್ತಾರೆಂಬ ಮಾತು ಅಮೆರಿಕದ ಪುಸ್ತಕಗಳಲ್ಲಿ ದಶಕಗಳ ಕಾಲ ಓಡಾಡಿ, 2009ರಲ್ಲಿ ಕ್ರಾಂಕೈಟ್ ತೀರಿಕೊಂಡಾಗ ಶ್ರದ್ಧಾಂಜಲಿ ಲೇಖನಗಳಲ್ಲಿಯೂ ಅಚ್ಚಾಯಿತು. ಭಾಷಾತಜ್ಞ ಬೆನ್ ಝಿಮ್ಮರ್ ವಿಚಾರಿಸಿ ನೋಡಿದಾಗ ಸ್ವೀಡಿಷರು ಯಾರೂ ಆ ಪದವನ್ನು ಬಳಸಿದವರಲ್ಲ ಎಂದು ತಿಳಿಯಿತು. ಅಸೋಸಿಯೇಟೆಡ್ ಪ್ರೆಸ್ ತಿದ್ದುಪಡಿ ಪ್ರಕಟಿಸಿತು. ಕೇಳಲು ಸೊಗಸಾದ ಸುಳ್ಳು ಪರಿಶೀಲನೆಯಿಲ್ಲದೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ವಾರ್ತಾಲೋಕವೇ ಒದಗಿಸಿದ ನಿದರ್ಶನವಿದು.

ಹಣ ಯಾರದು, ಹೊಣೆ ಯಾರದು

ಸ್ವೀಡನ್ನಿನಲ್ಲಿ ದೂರದರ್ಶನ ಪೆಟ್ಟಿಗೆಗೆ ಕಟ್ಟುತ್ತಿದ್ದ ಪರವಾನಗಿ ಶುಲ್ಕ 2018ರ ಕೊನೆಗೆ ರದ್ದಾಯಿತು. 2019ರಿಂದ ಹದಿನೆಂಟು ದಾಟಿದ, ಆದಾಯವುಳ್ಳ ಪ್ರತಿಯೊಬ್ಬರೂ ತೆರಿಗೆಗೊಳಪಡುವ ಆದಾಯದ ಶೇ. 1ರಷ್ಟನ್ನು ಸಾರ್ವಜನಿಕ ಪ್ರಸಾರ ಶುಲ್ಕವಾಗಿ ತೆರುತ್ತಾರೆ. ಅದಕ್ಕೊಂದು ಗರಿಷ್ಠ ಮಿತಿಯಿದ್ದು, ಆರಂಭದ ವರ್ಷಗಳಲ್ಲಿ ಅದು ವರ್ಷಕ್ಕೆ 1,300 ಕ್ರೋನಾ ಆಸುಪಾಸಿನಲ್ಲಿತ್ತು. ಇಲ್ಲಿ ದುಡಿಯುವ ನಮ್ಮ ತೆರಿಗೆ ಪತ್ರದಲ್ಲಿಯೂ ಆ ಸಾಲು ಇರುತ್ತದೆ. ಎಂದರೆ ಈ ವಾರ್ತೆಗೆ ನಾವೂ ಹಣ ತೆತ್ತವರು. ಎಸ್‌ವಿಟಿಯಲ್ಲಿ ಜಾಹೀರಾತು ಬಿಡುವುಗಳಿಲ್ಲ. ಸಂಸ್ಥೆಯ ಒಡೆತನ ನೇರವಾಗಿ ಸರ್ಕಾರದ್ದಲ್ಲ, ಒಂದು ಪ್ರತಿಷ್ಠಾನದ್ದು.

ಹೊಣೆಯ ವ್ಯವಸ್ಥೆಯೂ ವಿಶಿಷ್ಟವಾದುದು. ಪ್ರತಿ ಕಾರ್ಯಕ್ರಮಕ್ಕೂ ಕಾನೂನಿನ ಮುಂದೆ ಉತ್ತರಿಸಬೇಕಾದ ಒಬ್ಬ ‘ಹೊಣೆಗಾರ ಪ್ರಕಾಶಕ’ ಇರಬೇಕೆಂದು ಸಂವಿಧಾನದ ಭಾಗವೇ ಆದ ಅಭಿವ್ಯಕ್ತಿ ಸ್ವಾತಂತ್ರ್ಯ ಕಾಯಿದೆ ವಿಧಿಸುತ್ತದೆ. ಪ್ರಸಾರಕ್ಕೆ ಮೊದಲೇ ಪರಿಶೀಲಿಸುವ ಅಧಿಕಾರ ಯಾರಿಗೂ ಇಲ್ಲ. ಪ್ರಸಾರದ ನಂತರ ಯಾವುದೇ ವೀಕ್ಷಕರು ಪ್ರಸಾರ ಪರಿಶೀಲನಾ ಮಂಡಳಿಗೆ ದೂರು ನೀಡಬಹುದು. ನಿಷ್ಪಕ್ಷಪಾತ ಮತ್ತು ವಸ್ತುನಿಷ್ಠತೆಯ ಷರತ್ತು ಮುರಿದಿದೆಯೆಂದು ಮಂಡಳಿ ಕಂಡುಕೊಂಡರೆ ಅದರ ತೀರ್ಮಾನವನ್ನು ವಾಹಿನಿಯೇ ಪ್ರಕಟಿಸಬೇಕಾಗುತ್ತದೆ.

ಭಾರತದ ಹಾದಿ ಬೇರೆ. ‘ಆಕಾಶವಾಣಿ’ ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ಖಾಸಗಿ ಬಾನುಲಿ ಕೇಂದ್ರದಿಂದ ಬಂದದ್ದಾದರೂ, ಸ್ವಾತಂತ್ರ್ಯಾನಂತರದ ಪ್ರಸಾರ ದಶಕಗಳ ಕಾಲ ಸರ್ಕಾರದ ಇಲಾಖೆಯಾಗಿತ್ತು. ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸ್ ಕಟ್ಟಿದ್ದು ಹಿರಿಯ ಓದುಗರಿಗೆ ನೆನಪಿದ್ದೀತು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರಿನಲ್ಲಿ ಆರಂಭವಾಯಿತು. ಅಂದಿನ ವಾರ್ತೆಯ ಶಾಂತತೆಗೆ ಸಂಯಮವಷ್ಟೇ ಕಾರಣವಲ್ಲ. ಸರ್ಕಾರಕ್ಕೆ ಮುಜುಗರ ತರುವ ಪ್ರಶ್ನೆ ಕೇಳುವ ಸ್ವಾತಂತ್ರ್ಯವಿಲ್ಲದ್ದೂ ಕಾರಣ. ಆಕಾಶತರಂಗಗಳು ಸಾರ್ವಜನಿಕ ಆಸ್ತಿಯೆಂದೂ ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದೆಂದೂ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿತು. 2006ರಲ್ಲಿ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದವು. ದಿನದ ಇಪ್ಪತ್ನಾಲ್ಕು ಗಂಟೆಯನ್ನೂ ತುಂಬಬೇಕು, ಆದಾಯಕ್ಕೆ ಜಾಹೀರಾತನ್ನು ನೆಚ್ಚಬೇಕು, ಜಾಹೀರಾತು ವಾರವಾರದ ವೀಕ್ಷಕರ ಎಣಿಕೆಯನ್ನು ನೆಚ್ಚುತ್ತದೆ. ರಿಮೋಟಿನ ಮೇಲೆ ಬೆರಳಿಟ್ಟವನನ್ನು ಹಿಡಿದು ನಿಲ್ಲಿಸಲು ದನಿ ಏರಿಸುವುದೇ ಅಗ್ಗದ ಉಪಾಯ. ಆದರೆ ಅದೇ ವಾಹಿನಿಗಳು ತಾಲ್ಲೂಕು ಮಟ್ಟದ ವರದಿಗಾರರನ್ನು ಇಟ್ಟುಕೊಂಡು, ಹಿಂದೆಂದೂ ಪರದೆಗೆ ಬಾರದಿದ್ದ ಊರುಗಳ ಅಹವಾಲುಗಳನ್ನು ನಾಡಿನ ಮುಂದಿಟ್ಟವೆಂಬುದನ್ನೂ ಮರೆಯಬಾರದು.

ಕ್ರಿಯಾಪದದೊಳಗಿನ ತೀರ್ಪು

ನಿರೂಪಣೆಯ ವ್ಯತ್ಯಾಸ ಭಾಷೆಯ ಒಳಗೂ ಇದೆ. 1960ರ ದಶಕದ ಕೊನೆಯಿಂದ ಸ್ವೀಡಿಷರು ಬಹುವಚನದ ಗೌರವ ಸಂಬೋಧನೆಯನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ; ಸ್ಟುಡಿಯೊದಲ್ಲಿ ಪ್ರಧಾನಿಯನ್ನೂ ‘ನೀನು’ ಎಂದೇ ಪ್ರಶ್ನಿಸಬಹುದು. ಕ್ರಿಯಾಪದಕ್ಕೆ ಲಿಂಗ, ವಚನ, ಗೌರವಗಳ ಪ್ರತ್ಯಯವಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ಸಚಿವರು ಹೇಳಿದ್ದಾರೆ’ ಎಂಬಲ್ಲಿ ಗೌರವವಿದೆ. ಬಂಧಿತನಾದೊಡನೆ ಅದೇ ವ್ಯಕ್ತಿ ‘ಹೇಳಿದ್ದಾನೆ’ ಆಗಬಹುದು. ನ್ಯಾಯಾಲಯ ತೀರ್ಪು ಕೊಡುವ ಮೊದಲೇ ಕ್ರಿಯಾಪದ ತೀರ್ಪು ಕೊಟ್ಟಿರುತ್ತದೆ. ‘ಆರೋಪಿ’ ಎಂಬ ಪದವನ್ನು ಎಷ್ಟೇ ಎಚ್ಚರದಿಂದ ಬಳಸಿದರೂ ಏಕವಚನ ಅದನ್ನು ‘ಅಪರಾಧಿ’ ಎಂದೇ ಕೇಳಿಸುತ್ತದೆ.

ಸ್ವೀಡನ್ನಿನ ಕಾನೂನಿನಲ್ಲಿ ಸಂಶಯಕ್ಕೆ ದರ್ಜೆಗಳಿವೆ: ಒಂದು ‘ಸಕಾರಣ ಸಂಶಯ’, ಅದಕ್ಕಿಂತ ಮೇಲಿನದು ‘ಸಂಭವನೀಯ ಕಾರಣಗಳುಳ್ಳ ಸಂಶಯ’. ವಾರ್ತೆಯಲ್ಲಿ ಈ ದರ್ಜೆಯನ್ನು ಹೆಸರಿಸಿಯೇ ಹೇಳುತ್ತಾರೆ. ರೋಗನಿರ್ಣಯದಲ್ಲಿ ‘ಇರಬಹುದು’, ‘ಬಹುಶಃ ಇದೆ’, ‘ಇದೆ’ ಎಂಬ ಮೂರು ಮಾತುಗಳ ನಡುವಿನ ಅಂತರವನ್ನು ನಿತ್ಯವೂ ಕಾಯಬೇಕಾದ ವೈದ್ಯರಿಗೆ ಈ ಶಿಸ್ತಿನ ಬೆಲೆ ಸುಲಭವಾಗಿ ಅರ್ಥವಾಗುತ್ತದೆ. ಸಾರ್ವಜನಿಕ ಹಿತಕ್ಕೆ ಅಗತ್ಯವಿಲ್ಲದಿದ್ದರೆ ಶಂಕಿತರ ಹೆಸರು, ಚಿತ್ರಗಳನ್ನು ತಡೆಹಿಡಿಯಬೇಕು, ಆತ್ಮಹತ್ಯೆಯ ಸುದ್ದಿಯಲ್ಲಿ ಅತ್ಯಂತ ಎಚ್ಚರ ವಹಿಸಬೇಕು ಎಂಬುದು ಇಲ್ಲಿನ ಮಾಧ್ಯಮ ನೀತಿಸಂಹಿತೆಯ ಭಾಗ. ಆತ್ಮಹತ್ಯೆಯ ವಿಧಾನವನ್ನು ವಿವರಿಸಿ ತೋರಿಸುವ ವರದಿಗಳು ಇತರರನ್ನೂ ಆ ದಾರಿಗೆ ತಳ್ಳಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ.

ನಿರೂಪಣೆಯ ಪರಿಣಾಮ ದೇಹದವರೆಗೂ ತಲುಪುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡರು. ದಿನಗಟ್ಟಲೆ ಎಡೆಬಿಡದ ಪ್ರಸಾರದ ನಂತರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಬರುವವರ ಸಂಖ್ಯೆ ಏರಿತು; ಗಾಬರಿ ಬೇಡವೆಂದು ಅಲ್ಲಿನ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಅವರು ಕೇಳಿಕೊಳ್ಳಬೇಕಾಯಿತು. ರಕ್ತದೊತ್ತಡವನ್ನು ಎಂದೂ ಅಳೆಸದವರು ಆಸ್ಪತ್ರೆಗೆ ಬಂದದ್ದು ಒಳಿತೇ. ಆದರೆ ಭಯ ತಂದ ಜನ ಭಯ ಇಳಿದೊಡನೆ ಮರೆಯಾಗುತ್ತಾರೆ. ರೋಗ ತಡೆಗೆ ಬೇಕಾದದ್ದು ವರ್ಷಗಟ್ಟಲೆ ಉಳಿಯುವ ತಿಳಿವಳಿಕೆ.

ಶಾಂತ ದನಿಯ ಮಿತಿ

ಹಾಗೆಂದು ತಗ್ಗಿದ ದನಿಯೇ ಸತ್ಯದ ಗುರುತಲ್ಲ. ಪ್ರಧಾನಿ ಉಲೋಫ್ ಪಾಲ್ಮೆ 1986ರ ಫೆಬ್ರುವರಿ 28ರ ರಾತ್ರಿ 11 ಗಂಟೆ 21 ನಿಮಿಷಕ್ಕೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ರೇಡಿಯೊ ಸುದ್ದಿ ಕೊಟ್ಟದ್ದು ರಾತ್ರಿ ಒಂದು ಗಂಟೆ ದಾಟಿದ ಮೇಲೆ; ದೂರದರ್ಶನದ ವಿಶೇಷ ಪ್ರಸಾರ ಆರಂಭವಾಗುವಾಗ ಬೆಳಗಿನ ಜಾವ ನಾಲ್ಕು. ರಾತ್ರಿ ಮಲಗುವ ವಾಹಿನಿಗೆ ಎಚ್ಚರಗೊಳ್ಳಲು ಅಷ್ಟು ಹೊತ್ತು ಹಿಡಿಯಿತು.

2020ರ ವಸಂತದಲ್ಲಿ ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮಧ್ಯಾಹ್ನ ಎರಡಕ್ಕೆ ನಡೆಸುತ್ತಿದ್ದ ಪತ್ರಿಕಾಗೋಷ್ಠಿ ನೇರ ಪ್ರಸಾರವಾಗುತ್ತಿತ್ತು. ಆಂಡರ್ಸ್ ಟೆಗ್ನೆಲ್ ಅವರ ಅಂಕಿಅಂಶಗಳ ನಿರುದ್ವಿಗ್ನ ಮಾತು ದೇಶದ ದಿನಚರಿಯಾಗಿತ್ತು. ಭೀತಿ ಹಬ್ಬದಂತೆ ನೋಡಿಕೊಂಡ ಆ ದನಿಗೆ ಮೆಚ್ಚುಗೆ ಸಂದಿತು. ಆದರೆ ಸರ್ಕಾರವೇ ನೇಮಿಸಿದ ಕೊರೋನಾ ಆಯೋಗ, ಆರಂಭದ ಕ್ರಮಗಳು ತಡವಾದುವೆಂದೂ ಸಾಲದಾಗಿದ್ದವೆಂದೂ ವಿಮರ್ಶಿಸಿತು. ಔಷಧವನ್ನು ಮೃದುವಾಗಿ ಕೊಟ್ಟ ಮಾತ್ರಕ್ಕೆ ಪ್ರಮಾಣ ಸರಿಯಿರುತ್ತದೆಂದಲ್ಲ.

ಇದರ ಇನ್ನೊಂದು ಮುಖ ಜಪಾನಿನಲ್ಲಿದೆ. 2011ರ ಸುನಾಮಿಯ ನಂತರ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ತನ್ನ ಎಚ್ಚರಿಕೆಯ ಭಾಷೆಯನ್ನೇ ಬದಲಿಸಿತು. ಮೃದುವಾದ ಮನವಿಯ ಬದಲು ಆಜ್ಞೆ ಬಂತು. 2024ರ ಜನವರಿ 1ರಂದು ನೋಟೊ ಪರ್ಯಾಯದ್ವೀಪದಲ್ಲಿ ಭೂಕಂಪವಾದಾಗ ವಾಚಕಿ ‘ಈಗಲೇ ಓಡಿ’ ಎಂಬರ್ಥದಲ್ಲಿ ಕೂಗಿಯೇ ಹೇಳಿದರು. ಅದು ವೀಕ್ಷಕರ ಎಣಿಕೆಗಾಗಿ ಏರಿದ ದನಿಯಲ್ಲ, ಜೀವಕ್ಕಾಗಿ ಏರಿದ ದನಿ. ದಿನವೂ ಕೂಗುವ ವಾಹಿನಿಗೆ ನಿಜವಾದ ಅಪಾಯದ ದಿನ ಏರಿಸಲು ದನಿಯೇ ಉಳಿದಿರುವುದಿಲ್ಲ.

ತಲುಪದವರು

ಸ್ವೀಡನ್ನಿನ ಸಾರ್ವಜನಿಕ ಪ್ರಸಾರ ಅಲ್ಪಸಂಖ್ಯಾತ ಭಾಷೆಗಳನ್ನು ಮರೆತಿಲ್ಲ. ಸಾಮಿ ಭಾಷೆಯ ವಾರ್ತೆ, ಫಿನ್ನಿಷ್ ವಾರ್ತೆ, ಸಂಜ್ಞಾಭಾಷೆಯ ವಾರ್ತೆ, ಮಕ್ಕಳಿಗಾಗಿಯೇ ‘ಲಿಲ್ಲ ಆಕ್ಟುಎಲ್ಟ್’, ಭಾಷೆ ಕಲಿಯುತ್ತಿರುವವರಿಗಾಗಿ ಸರಳ ಸ್ವೀಡಿಷ್ ವಾರ್ತೆ, ಇವೆಲ್ಲವೂ ಇವೆ. ರೇಡಿಯೊದಲ್ಲಿ ಅರಬ್ಬಿ, ಸೊಮಾಲಿ ಮುಂತಾದ ವಲಸೆ ಭಾಷೆಗಳ ಸೇವೆಯೂ ಇದೆ. ಆದರೂ 2020ರ ಮಾರ್ಚಿನಲ್ಲಿ ಸ್ಟಾಕ್‌ಹೋಮಿನಲ್ಲಿ ಕೊರೋನಾದಿಂದ ಮೃತರಾದ ಮೊದಲ ಹದಿನೈದು ಜನರಲ್ಲಿ ಆರು ಮಂದಿ ಸೊಮಾಲಿ ಮೂಲದವರೆಂದು ಸ್ವೀಡಿಷ್–ಸೊಮಾಲಿ ವೈದ್ಯರ ಸಂಘ ಬಹಿರಂಗಪಡಿಸಿತು. ಇಕ್ಕಟ್ಟಾದ ಮನೆ, ಮನೆಯಿಂದ ಮಾಡಲಾಗದ ಉದ್ಯೋಗ ಮೊದಲಾದ ಕಾರಣಗಳೊಡನೆ ತಿಳಿವಳಿಕೆ ಸಕಾಲದಲ್ಲಿ ಅವರ ಭಾಷೆಯಲ್ಲಿ ಮುಟ್ಟದಿದ್ದುದನ್ನೂ ವೈದ್ಯರು ಎತ್ತಿ ತೋರಿದರು.

ಈ ಮಾತು ನಮಗೂ ಸಲ್ಲುತ್ತದೆ. ಊರಿನಿಂದ ಬಂದು ಮಕ್ಕಳೊಡನೆ ಇರುವ ಹಿರಿಯರು ದಿನವಿಡೀ ಕನ್ನಡ ವಾಹಿನಿ ನೋಡುತ್ತಾರೆ. ಮೈಸೂರಿನ ಮಳೆ ಅವರಿಗೆ ಗೊತ್ತು. ತಾವಿರುವ ಬೀದಿಯ ನೀರು ಕುದಿಸಿ ಕುಡಿಯಬೇಕೆಂಬ ಪ್ರಕಟಣೆ ಗೊತ್ತಿರುವುದಿಲ್ಲ. ಅವರ ಪಾಲಿಗೆ ಸ್ಥಳೀಯ ವಾರ್ತಾವಾಚಕರು ನಾವೇ.

ಆ ಕೆಲಸವನ್ನು ಒಂದು ನಿಶ್ಚಿತ ಸಂಗತಿಯಿಂದ ಆರಂಭಿಸಬಹುದು. ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಮೊದಲ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಸ್ವೀಡನ್ನಿನ ಊರುಗಳಲ್ಲಿ ಸೈರನ್ನಿನ ಪರೀಕ್ಷೆ ನಡೆಯುತ್ತದೆ. ಏಳು ಸೆಕೆಂಡು ಸದ್ದು, ಹದಿನಾಲ್ಕು ಸೆಕೆಂಡು ಮೌನ, ಮತ್ತೆ ಸದ್ದು. ಜನ ಇದನ್ನು ‘ಗೊಗ್ಗರು ಗಂಟಲಿನ ಫ್ರೆಡ್ರಿಕ್’ ಎಂದು ಕರೆಯುತ್ತಾರೆ. ಪರೀಕ್ಷೆಯ ಹೊತ್ತಲ್ಲದೆ ಬೇರೆ ಹೊತ್ತಿನಲ್ಲಿ ಇದು ಕೇಳಿಸಿದರೆ ಮನೆಯೊಳಗೆ ಹೋಗಬೇಕು, ಕಿಟಕಿ, ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಬೇಕು, ಸ್ವೀಡಿಷ್ ರೇಡಿಯೊದ ಪಿ4 ವಾಹಿನಿಯನ್ನು ಹಚ್ಚಬೇಕು. ಮುಂದಿನ ಪರೀಕ್ಷೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಅರ್ಥವನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳಿಡುವುದು ಒಳ್ಳೆಯದು.